ಖಾನೇಸುಮಾರಿಯ ಹಾಳೆಯಲ್ಲಿ ಅಜ್ಜನ ಹೆಸರು

ತನ್ನ ಹಿರಿಯರು ಯಾರು, ಎಲ್ಲಿಂದ ಬಂದವರು ಎಂದು ತಿಳಿಯುವ ಹಂಬಲ ಮನುಷ್ಯನಿಗೆ ಸಹಜವಾದುದು. ಊರಲ್ಲಿಯೇ ಉಳಿದವನನ್ನು ಈ ಪ್ರಶ್ನೆ ಅಷ್ಟಾಗಿ ಕಾಡದು. ಹಳೆಯ ಮನೆ, ಮನೆದೇವರ ಗುಡಿ, ಕಟ್ಟೆಯ ಮೇಲೆ ಕುಳಿತ ಮುದುಕರು ಎಲ್ಲವೂ ಅವನಿಗೆ ಉತ್ತರ ಹೇಳುತ್ತಲೇ ಇರುತ್ತವೆ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರ ಮಕ್ಕಳಿಗೆ ಮಾತ್ರ ಅದು ದೊಡ್ಡ ಪ್ರಶ್ನೆಯೇ ಸರಿ.

ಪರದೇಶಗಳಲ್ಲಿ ಈ ಪ್ರಶ್ನೆಗೆ ಸರಕಾರದ ಖಾನೇಸುಮಾರಿಯೇ ಉತ್ತರ ಕೊಡುವುದುಂಟು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಾಪಿಟ್ಟ 1921ರ ಮನೆಪಟ್ಟಿಗಳನ್ನು 2022ರ ಜನವರಿಯಲ್ಲಿ ಜನರ ಮುಂದಿಟ್ಟರು. ಅಮೇರಿಕೆಯಲ್ಲಿ 72 ವರ್ಷಗಳ ನಿಯಮ. ಅಲ್ಲಿಯ 1950ರ ಪಟ್ಟಿಗಳು 2022ರ ಏಪ್ರಿಲ್ 1ರಂದು ಬಯಲಿಗೆ ಬಂದವು. ಮೊಮ್ಮಕ್ಕಳು ಅಜ್ಜನ ಹೆಸರು, ವಯಸ್ಸು, ಕಸಬುಗಳನ್ನು ಮನೆಯಲ್ಲಿ ಕುಳಿತೇ ಓದಿದರು. ಇಂಗ್ಲೆಂಡಿನ 1931ರ ಪಟ್ಟಿಗಳಿಗೆ ಮಾತ್ರ ಆ ಭಾಗ್ಯವಿಲ್ಲ. 1942ರ ಬೆಂಕಿಯಲ್ಲಿ ಅವು ಸುಟ್ಟುಹೋದವು. ಯುದ್ಧದ ದೆಸೆಯಿಂದ 1941ರಲ್ಲಿ ಗಣತಿಯೇ ನಡೆಯಲಿಲ್ಲ.

ಹಾಗಾದರೆ ನಮ್ಮ ಅಜ್ಜನ ಹಾಳೆ ಎಂದು ಸಿಕ್ಕೀತು? ಉತ್ತರ ಸರಳವಾಗಿದೆ: ಸಿಗದು. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಮನೆಮನೆಯ ಹಾಳೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಅದನ್ನು ನ್ಯಾಯಾಲಯದಲ್ಲಿ ಸಾಕ್ಷಿಯಾಗಿಯೂ ಒಪ್ಪುವುದಿಲ್ಲ. ಇಷ್ಟು ವರ್ಷಗಳ ಮೇಲೆ ತೆರೆಯಬೇಕೆಂಬ ಅವಧಿಯೂ ಅದರಲ್ಲಿಲ್ಲ. ಹೇಳಿದ ಮಾತು ಗುಟ್ಟಾಗಿ ಉಳಿಯುವುದೆಂಬ ಭರವಸೆಯಿದ್ದರೆ ತಾನೆ ಜನ ನಿಜ ಹೇಳುವುದು! ನಿಯಮ ಒಳ್ಳೆಯದೇ. ಆದರೆ ವಂಶದ ಕಥೆ ಹುಡುಕುವವನು ಬೇರೆ ದಾರಿ ಹಿಡಿಯಬೇಕು.

ಖಾನೇಸುಮಾರಿಯಿಂದ ಏನೂ ಪ್ರಯೋಜನವಿಲ್ಲವೆಂದಲ್ಲ. ವ್ಯಕ್ತಿಯ ಹೆಸರು ಸಿಗದಿದ್ದರೂ ಊರಿನ ಹೆಸರು ಸಿಗುತ್ತದೆ. ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಹಳ್ಳಿಹಳ್ಳಿಯ ಜನಸಂಖ್ಯೆಯಿದೆ. 1971ರವುಗಳಲ್ಲಿ ಶಾಲೆ, ದವಾಖಾನೆ, ಅಂಚೆ, ಕುಡಿಯುವ ನೀರು ಇದ್ದವೋ ಇಲ್ಲವೋ ಎಂಬುದೂ ಇದೆ. ಅಜ್ಜ ಊರು ಬಿಟ್ಟುದೇಕೆಂಬುದಕ್ಕೆ ಕೆಲವೊಮ್ಮೆ ಆ ಒಂದು ಸಾಲೇ ಸಾಕು. ಹುಡುಕುವಾಗ ಒಂದು ಎಚ್ಚರ ಬೇಕು. 1956ರ ನವೆಂಬರ್ 1ಕ್ಕೆ ಮುಂಚೆ ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೂ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳಾದುದು 1997ರಲ್ಲಿ. ಆದುದರಿಂದ ಬಾಗಲಕೋಟೆಯ ಕಡೆಯವರು ಹಳೆಯ ಪುಸ್ತಕದಲ್ಲಿ ವಿಜಾಪುರವನ್ನೂ, ಯಾದಗಿರಿಯವರು ಗುಲಬರ್ಗಾವನ್ನೂ ನೋಡತಕ್ಕದ್ದು.

ಇನ್ನು ಹೆಸರಿನ ಮಾತು. ಊರಲ್ಲಿ ಹೊಲವಿದ್ದವರಿಗೆ ಪಹಣಿಯಿದೆ. ಮೂರು ತಲೆಮಾರುಗಳ ಹೆಸರನ್ನು ಅದು ಹೇಳೀತು. ಉತ್ತರ ಕರ್ನಾಟಕದ ಎಷ್ಟೋ ಮನೆತನಗಳಿಗೆ ಹೆಳವರಿದ್ದಾರೆ. ಎತ್ತಿನೊಡನೆ ಊರೂರು ತಿರುಗಿ, ಮನೆಯ ಮುಂದೆ ನಿಂತು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಪರಂಪರೆ. ಆದರೆ ಹೆಳವ ಬಂದಾಗ ಊರ ಮನೆಗೆ ಬೀಗ ಬಿದ್ದಿದ್ದರೆ? ಧಾರಾವಿಯಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಹೇಳುವವರಾರು? ಊರಲ್ಲಿರುವ ದಾಯಾದಿಗಳಿಗೆ ಒಂದು ಪತ್ರ ಬರೆದು, ನಮ್ಮ ಮಕ್ಕಳ ಹೆಸರನ್ನೂ ಬರೆಸಿರೆಂದು ಕೇಳುವುದು ಕಷ್ಟದ ಕೆಲಸವೇನಲ್ಲ.

ಹೊಲವಿಲ್ಲದೆ, ಕೂಲಿಯನ್ನೇ ನಂಬಿ ಬಂದವರ ಸಂಗತಿ ಬೇರೆ. ಅವರ ಹೆಸರು ಪಹಣಿಯಲ್ಲಿಲ್ಲ. ಅಂಥ ಅನೇಕರಿಗೆ ಮುಂಬಯಿಯ ಗುಡಿಸಲಿನ ಕಾಗದವೇ ಮನೆತನದ ಮೊದಲ ದಾಖಲೆ. 1976ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಈ ನಗರದ ಝೋಪಡಿಗಳ ಗಣತಿ ಮಾಡಿಸಿತು. ಅರ್ಹರಾದವರಿಗೆ ಭಾವಚಿತ್ರವುಳ್ಳ ಫೋಟೋಪಾಸ್ ಕೊಟ್ಟಿತು. ದಿಲ್ಲಿಯ ಖಾನೇಸುಮಾರಿ ಹಾಳೆಯನ್ನು ತನ್ನಲ್ಲಿಟ್ಟುಕೊಂಡರೆ ಈ ಗಣತಿ ಹಾಳೆಯನ್ನು ನಮ್ಮ ಕೈಗೇ ಕೊಟ್ಟಿತೆನ್ನಬಹುದು. ಇದರೊಡನೆ ರೇಶನ್ ಕಾರ್ಡು, ಹಳೆಯ ಮತದಾರರ ಯಾದಿ, ಹುಟ್ಟಿದ ಸ್ಥಳ ಬರೆದಿರುವ ಶಾಲೆ ಬಿಟ್ಟ ದಾಖಲೆ ಇವನ್ನು ಸೇರಿಸಿದರೆ ಒಂದು ಸಂಸಾರದ ಅರ್ಧ ಚರಿತ್ರೆ ಮುಗಿಯಿತು. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರು ಅಲ್ಲಿಯ ದಾಖಲಾತಿ ಪುಸ್ತಕವನ್ನು ಮರೆಯಬಾರದು.

ಈಗಲೇ ಇದನ್ನು ಹೇಳುವುದಕ್ಕೆ ಕಾರಣವಿದೆ. ಧಾರಾವಿಯ ಪುನರ್ವಿಕಾಸಕ್ಕಾಗಿ 2024ರ ಮಾರ್ಚಿನಲ್ಲಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. 2000ದ ಜನವರಿ 1ಕ್ಕೆ ಮುಂಚಿನ ವಾಸವನ್ನು ತೋರಿಸುವ ಕಾಗದಗಳಿಗೆ ಎಲ್ಲಿಲ್ಲದ ಬೆಲೆ ಬಂದಿತು; ಟ್ರಂಕಿನ ತಳದಲ್ಲಿದ್ದುವೆಲ್ಲ ಹೊರಗೆ ಬಂದವು. ಮನೆಯ ಹಕ್ಕಿಗಾಗಿ ತೆಗೆದ ಆ ಕಾಗದಗಳನ್ನು ಮನೆತನಕ್ಕಾಗಿಯೂ ಒಮ್ಮೆ ಓದೋಣ. ಮೂಲಪ್ರತಿಯನ್ನು ಯಾರ ಕೈಗೂ ಬಿಡದೆ, ಎರಡು ನಕಲು ಮಾಡಿಸಿ, ಒಂದನ್ನು ಊರಿನ ನಂಬಿಕೆಯ ನಂಟರಲ್ಲಿ ಇಡೋಣ. ಮನೆ ಬದಲಾಯಿಸುವ ಗದ್ದಲದಲ್ಲಿ ಮೊದಲು ಕಳೆದುಹೋಗುವುದು ಕಾಗದವೇ.

ಕಾಗದದಲ್ಲಿ ಇಲ್ಲದ್ದನ್ನು ಕೇಳಿಯೇ ಬರೆಯಬೇಕು. ಮುಖ್ಯವಾಗಿ ಹೆಣ್ಣುಮಕ್ಕಳ ಸಂಗತಿ. ಯಾದಿಗಳಲ್ಲಿ ಅಜ್ಜಿ ಬರಿಯ ‘ಇಂಥವರ ಹೆಂಡತಿ’. ಆಕೆಯ ತವರೂರು, ತಂದೆತಾಯಿಗಳ ಹೆಸರು, ಯಾವ ಬರಗಾಲದಲ್ಲಿ ಯಾವ ರೈಲು ಹತ್ತಿ ಬಂದಳೆಂಬುದು ಆಕೆಯ ನಾಲಿಗೆಯ ಮೇಲಷ್ಟೇ ಇದೆ. ಮುಂದಿನ ದೀಪಾವಳಿಯವರೆಗೆ ಕಾಯದೆ ಈ ಭಾನುವಾರವೇ ಕೇಳುವುದು ಲೇಸು.

ಮುಂದಿನ ಖಾನೇಸುಮಾರಿಗೆ 2027ರ ಮಾರ್ಚ್ 1ನ್ನು ಗಣನೆಯ ದಿನವೆಂದು ಸರಕಾರ 2025ರ ಜೂನಿನಲ್ಲಿ ಪ್ರಕಟಿಸಿದೆ. ಗಣತಿದಾರರಿಗೆ ಹೇಳುವ ಉತ್ತರಗಳನ್ನೇ ನಾವೂ ಒಂದು ವಹಿಯಲ್ಲಿ ಬರೆದುಕೊಳ್ಳೋಣ: ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ಊರು, ಕಸಬು. ಮಾತೃಭಾಷೆಯ ಮುಂದೆ ಕನ್ನಡವೆಂದು ಬರೆಸಲು ಸಂಕೋಚ ಬೇಡ. ಸರಕಾರದ ಹಾಳೆ ಮೊಮ್ಮಕ್ಕಳ ಕೈಗೆ ಸಿಗಲಾರದು. ಆ ವಹಿ ಸಿಗುತ್ತದೆ.