ಅಕ್ಕಿಕಾಳಿನಷ್ಟು ಪ್ಲಗ್ಗಿಗೆ ಊರೆಲ್ಲ ಅಲೆದಾಟ!

ಎಲೆಕ್ಟ್ರಾನಿಕ್ ಸಾಮಾನು ಮಾರುವ ಅಂಗಡಿಯವರಿಗೆ ಒಂದು ಪ್ರಶ್ನೆ. ವಯಸ್ಸಾದ ಗಿರಾಕಿಯೊಬ್ಬರು ಬಂದು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಬಿಳೀ ಪ್ಲಾಸ್ಟಿಕ್ ಚೂರೊಂದನ್ನು ತೋರಿಸಿ 'ಇದರ ಜೋಡಿ ಇದೆಯಾ?' ಅಂದರೆ ಏನು ಹೇಳ್ತೀರಿ? 'ಇಲ್ಲ ಸ್ವಾಮಿ, ಮುಂದಿನ ಅಂಗಡಿ ನೋಡಿ' ಅಂತ ತಾನೇ? ಮುಂದಿನ ಅಂಗಡಿಯವರು ಹೇಳುವುದೂ ಅದನ್ನೇ.

ಆ ಚೂರು ಗಡಿಯಾರಕ್ಕಲ್ಲ, ಮೊಬೈಲಿಗಲ್ಲ. ರೈಲು ಎಂಜಿನ್ನಿಗೆ!

ಎಂಜಿನ್ನು ಅಂಗೈ ಮೇಲೆ ಕೂರುವಂಥದ್ದು. ಮಕ್ಕಳ ಕೀಲಿ ಆಟಿಕೆ ಅಂತ ಮೂಗು ಮುರಿಯಬೇಡಿ. ಅಸಲಿ ಎಂಜಿನ್ನಿನ 160ರಲ್ಲಿ ಒಂದು ಪಾಲಿನಷ್ಟು, ಒಂದೊಂದು ಚಕ್ರವೂ ಲೆಕ್ಕದಲ್ಲಿ. ಈ ಅಳತೆಗೆ 'ಎನ್' ಅಂತ ಹೆಸರು. ಜರ್ಮನಿಯ ನ್ಯೂರೆಂಬರ್ಗಿನ ಆರ್ನಾಲ್ಡ್ ಕಂಪನಿ 1960ರ ದಶಕದ ಆರಂಭದಲ್ಲಿ ಪೇಟೆಗೆ ತಂದದ್ದು. ಹಳಿಗಳ ನಡುವೆ ಬರೀ 9 ಮಿಲಿಮೀಟರ್. 18 ಮೀಟರ್ ಉದ್ದದ ಎಂಜಿನ್ ಇಲ್ಲಿ 11 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ, ಅಂದರೆ ಒಂದು ಬಾಲ್ ಪೆನ್ನಿಗಿಂತ ಗಿಡ್ಡ.

ಮೈಸೂರು ಕಡೆಯವರಿಗೆ ಮೀಟರ್ ಗೇಜ್ ಮರೆತಿಲ್ಲ. ಒಂದು ಮೀಟರನ್ನು 160ರಿಂದ ಭಾಗಿಸಿ ನೋಡಿ, 6.25 ಮಿ.ಮೀ. ಬಂತು. ಅದಕ್ಕೆ 9 ಮಿ.ಮೀ. ಹಳಿ ಹೊಂದುವುದಿಲ್ಲ. ಹಾಗಾಗಿ ನಮ್ಮ ಮೀಟರ್ ಗೇಜ್ ಎಂಜಿನ್ ಕಟ್ಟಬೇಕೆನ್ನುವವರು ಇನ್ನೂ ಸಣ್ಣದಾದ 'ಝಡ್' ಅಳತೆಯ 6.5 ಮಿ.ಮೀ. ಹಳಿಯನ್ನೇ ಎರವಲು ಪಡೆಯುತ್ತಾರೆ. ಈ ಝಡ್ ಅಳತೆಯನ್ನು ಜರ್ಮನಿಯ ಮಾರ್ಕ್ಲಿನ್ ಕಂಪನಿ ತಂದದ್ದು 1972ರಲ್ಲಿ. ತಮಾಷೆ ನೋಡಿ, ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ ಕಟ್ಟಿದ್ದೂ ಅದೇ ವರ್ಷ. ಅದು ಮೀಟರ್ ಗೇಜಿನ 'ವೈ.ಜಿ.' ಜಾತಿಯದು.

ಬೆಂಕಿಪೊಟ್ಟಣದ ಗಿರಾಕಿ ಕಟ್ಟುತ್ತಿರುವುದೂ ಅದೇ ವೈ.ಜಿ.ಯನ್ನು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪೇಪರಿನಲ್ಲಿ ಹೆಸರು ಬೇಡ ಅಂದಿದ್ದಾರೆ, ಮನೆಯವರು ನಗುತ್ತಾರಂತೆ. ಹಳೇ ಝಡ್ ಎಂಜಿನ್ನಿನ ಚಾಸಿ ಮೇಲೆ ಹಿತ್ತಾಳೆ ತಗಡು ಕೊರೆದು ಬಾಯ್ಲರು, ಕ್ಯಾಬು, ಹಿಂದೆ ಕಲ್ಲಿದ್ದಲ ಟೆಂಡರು ಎಲ್ಲ ಮಾಡಿದ್ದಾರೆ. ಕಣ್ಣು ಮಂಜಾಗುವ ಮುಂಚೆ ಒಮ್ಮೆ ಓಡಿಸಿ ನೋಡಬೇಕು ಅನ್ನುವುದಷ್ಟೇ ಆಸೆ. ಕಣ್ಣಿನ ಪೊರೆ ಒಂದು ಕಡೆ ಆಗಲೇ ಶುರುವಾಗಿದೆ.

ಸಿಕ್ಕಿಹಾಕಿಕೊಂಡದ್ದು ಎಲ್ಲಿ ಅಂದ್ರೆ ಎಂಜಿನ್ನಿಗೂ ಟೆಂಡರಿಗೂ ನಡುವೆ. ಮೋಟಾರು ಇರುವುದು ಬಾಯ್ಲರಿನೊಳಗೆ. ಹಳಿಯಲ್ಲಿ ಬರುವ ಸಂಕೇತ ಓದಿ ಮೋಟಾರಿಗೆ ವೇಗ ಹೇಳುವ 'ಡಿಕೋಡರ್' ಎಂಬ ಬೋರ್ಡಿಗೆ ಅಲ್ಲಿ ಜಾಗವಿಲ್ಲ, ಅದು ಟೆಂಡರಿನ ಕಲ್ಲಿದ್ದಲ ಕೆಳಗೆ. ಆದ್ದರಿಂದ ಹಳಿಯ ಕರೆಂಟಿಗೆ ಎರಡು ತಂತಿ, ಮೋಟಾರಿಗೆ ಎರಡು, ಹೆಡ್‌ಲೈಟಿಗೆ ಎರಡು, ಒಟ್ಟು ಆರು ತಂತಿ ಆ ಸಂದಿ ದಾಟಬೇಕು.

ನೇರ ಬೆಸುಗೆ ಹಾಕಿಬಿಡಿ ಅನ್ನಬಹುದು. ಹಾಕಿದರೆ ಎಂಜಿನ್ನು, ಟೆಂಡರು ಎರಡೂ ಅಂಟಿಕೊಂಡ ಅವಳಿ ಮಕ್ಕಳ ಹಾಗೆ. ಎಣ್ಣೆ ಬಿಡಲು ಒಂದನ್ನು ಎತ್ತಿದರೆ ಇನ್ನೊಂದು ಜೋತಾಡುತ್ತದೆ, ಕೂದಲಿನಂಥ ತಂತಿ ಪಟ್ಟನೆ ಕಿತ್ತು ಬರುತ್ತದೆ. ಬಿಚ್ಚಿ ರಿಪೇರಿ ಮಾಡಲಾಗದ ಯಂತ್ರ ಯಂತ್ರವೇ ಅಲ್ಲ ಅನ್ನುವುದು ಫಿಟ್ಟರ್ ಜಾತಿಯವರ ನಂಬಿಕೆ. ಅದಕ್ಕೇ ಪ್ಲಗ್ಗು.

ಸರಿ, ಪ್ಲಗ್ಗು ಅಂಗಡಿಯಲ್ಲಿ ಇಲ್ಲವೇ? ಇದೆ, ದೊಡ್ಡದು. ಸಾಮಾನ್ಯವಾಗಿ ಸಿಗುವ ಪಿನ್ ಪಟ್ಟಿಯಲ್ಲಿ ಪಿನ್ನಿಂದ ಪಿನ್ನಿಗೆ 2.54 ಮಿ.ಮೀ., ಅಂದರೆ ಇಂಚಿನ ಹತ್ತರಲ್ಲಿ ಒಂದು. ಆರು ಪಿನ್ನಿಗೆ ಹದಿಮೂರು ಮಿ.ಮೀ. ಹೋಯಿತು, ಮೇಲೆ ಪ್ಲಾಸ್ಟಿಕ್ ಬೇರೆ. ಎಂಜಿನ್ನಿನ ಮೈಯಗಲವೇ ಹದಿನೇಳು ಮಿ.ಮೀ. ಆಸುಪಾಸು! ಇದು ಎತ್ತಿನ ನೊಗವನ್ನು ಮೇಕೆಗೆ ಕಟ್ಟಿದ ಹಾಗೆ. ಬೇಕಾದದ್ದು 1.27, ಅಥವಾ 1.25, ಅಥವಾ 1 ಮಿ.ಮೀ. ಅಂತರದ್ದು.

ಇಲ್ಲೇ ಹೆಸರಿನ ಗೊಂದಲ. ಪೇಟೆಯಲ್ಲಿ ಸಣ್ಣ ಬಿಳೀ ಪ್ಲಗ್ಗಿಗೆಲ್ಲ 'ಜೆ.ಎಸ್.ಟಿ.' ಅಂತಾರೆ. ಅದು ಜಪಾನಿನ ಒಂದು ಕಂಪನಿಯ ಹೆಸರು, ಅಷ್ಟೆ. ವನಸ್ಪತಿಗೆಲ್ಲ ಡಾಲ್ಡಾ ಅನ್ನುತ್ತಿರಲಿಲ್ಲವೇ, ಹಾಗೆ. ಆ ಕಂಪನಿಯದೇ ಎಕ್ಸ್‌ಎಚ್ ಅಂದರೆ 2.5 ಮಿ.ಮೀ., ಪಿಎಚ್ 2, ಝಡ್‌ಎಚ್ 1.5, ಜಿಎಚ್ 1.25, ಎಸ್‌ಎಚ್ 1 ಮಿ.ಮೀ. ಇಷ್ಟು ಬಗೆ ಇರುವಾಗ ಬರೀ 'ಜೆ.ಎಸ್.ಟಿ. ಕೊಡಿ' ಅಂದರೆ ಅಂಗಡಿಯವರು ಯಾವುದನ್ನು ಕೊಡಬೇಕು? ಸಾಲದ್ದಕ್ಕೆ ಆನ್‌ಲೈನಿನಲ್ಲಿ '1.25 ಜೆ.ಎಸ್.ಟಿ.' ಅಂತ ಮಾರುವ ಮಾಲು ಅನೇಕ ಸಲ ಮೋಲೆಕ್ಸ್ ಎಂಬ ಬೇರೆ ಕಂಪನಿಯ ಪಿಕೋಬ್ಲೇಡ್ ನಮೂನೆಯದು. ಎರಡೂ 1.25 ನಿಜ, ಆದರೆ ಒಂದರೊಳಗೆ ಇನ್ನೊಂದು ಕೂರುವುದಿಲ್ಲ. ನಮ್ಮ ಫಿಟ್ಟರ್ ಸಾಹೇಬರು ಹೀಗೇ ಎರಡು ಪೊಟ್ಟಣ ತರಿಸಿ ದುಡ್ಡು ಕಳಕೊಂಡರು.

ಆದ್ದರಿಂದ ಹೆಸರು ಬಿಡಿ, ಅಳತೆ ಹಿಡಿಯಿರಿ. ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿಗೆ ಎಷ್ಟಿದೆ ನೋಡಿ. ಅದನ್ನು ಪಿನ್ನುಗಳ ಸಂಖ್ಯೆಗೆ ಒಂದು ಕಮ್ಮಿ ಮಾಡಿ ಭಾಗಿಸಿ. ಆರು ಪಿನ್ನಿಗೆ 5 ಮಿ.ಮೀ. ಬಂದರೆ ಒಂದು ಮಿ.ಮೀ. ಅಂತರದ್ದು, 6.25 ಬಂದರೆ 1.25ರದ್ದು. ಶಾಲೆ ಹುಡುಗರ ಸ್ಕೇಲು ಸಾಲದು. ಲೇತ್ ಅಂಗಡಿಯವರ ಹತ್ತಿರ ವರ್ನಿಯರ್ ಇರುತ್ತೆ, ಒಂದು ಟೀ ಕುಡಿಸಿದರೆ ಅಳೆದು ಕೊಡ್ತಾರೆ.

ಇನ್ನು ಮಾಲು ಎಲ್ಲಿದೆ? ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ ಎಲ್ಲರಿಗೂ ಗೊತ್ತು. ಹೋಗುವವರು ಮಾದರಿ ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು, ಬಾಯಲ್ಲಿ ವರ್ಣಿಸಿದರೆ ನಡೆಯದು. ಆದರೆ ಎರಡು ಪ್ಲಗ್ಗಿಗೋಸ್ಕರ ಹೋಗಿಬರುವ ಬಸ್ ಚಾರ್ಜು, ಊಟ, ಒಂದು ದಿನ, ಇದು ಲೆಕ್ಕಕ್ಕೆ ಬರುತ್ತದೆಯೇ?

ನನ್ನನ್ನು ಕೇಳಿದರೆ ಮಾಲು ನಮ್ಮೂರಲ್ಲೇ ಇದೆ, ಮೂಟೆಗಟ್ಟಲೆ ಇದೆ! ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಕೆಟ್ಟ ಬೋರ್ಡುಗಳ ರಾಶಿ ಬಿದ್ದಿರುತ್ತದಲ್ಲ, ಗುಜರಿಯವರಿಗೆ ತೂಕಕ್ಕೆ ಹಾಕುವುದು, ಅದರಲ್ಲೇ. ಫ್ಯಾನಿನ ತಂತಿಯ ತುದಿ, ಸ್ಪೀಕರಿನ ತಂತಿಯ ತುದಿ, ಗಡಿಯಾರದ ಬ್ಯಾಟರಿಯ ತಂತಿಯ ತುದಿ, ಎಲ್ಲೆಲ್ಲೂ ಇಂಥವೇ 1 ಅಥವಾ 1.25 ಮಿ.ಮೀ. ಪ್ಲಗ್ಗುಗಳು. ಅದರ ಜೋಡಿ ಹೆಣ್ಣೋ ಗಂಡೋ ಬೋರ್ಡಿನ ಮೇಲೇ ಬೆಸುಗೆಯಾಗಿರುತ್ತದೆ. ರಿಪೇರಿಯವರ ಹತ್ತಿರ ಬಿಸಿಗಾಳಿ ಊದುವ ಯಂತ್ರ ಹೇಗೂ ಇದೆ, ಊದಿ ಚಿಮಟದಲ್ಲಿ ಎತ್ತಿದರೆ ಆಯಿತು. ಪ್ಲಗ್ಗು, ಜೋಡಿ ಎರಡೂ ಒಂದೇ ಯಂತ್ರದಿಂದ ಬಂದದ್ದರಿಂದ ಕೂರುತ್ತೋ ಇಲ್ಲವೋ ಎಂಬ ಚಿಂತೆ ಇಲ್ಲ. ತಂತಿಯೂ ತಯಾರಾಗಿ ಅಂಟಿಕೊಂಡೇ ಇರುತ್ತದೆ. ಇದು ಸಣ್ಣ ಲಾಭವಲ್ಲ. ಈ ಅಳತೆಯ ತುದಿಗೆ ತಂತಿ ಒತ್ತುವ ಇಕ್ಕಳ ಬೇರೆಯೇ ಇದೆ, ಮನೆಯ ಕಟಿಂಗ್ ಪ್ಲೇಯರ್ ಹಾಕಿದರೆ ಅಪ್ಪಚ್ಚಿ.

ಒಂದು ಎಚ್ಚರಿಕೆ. ಪೊಟ್ಟಣದಲ್ಲಿ ಬರುವ ಅಗ್ಗದ ತಂತಿ ದಪ್ಪ, ಒರಟು. ಟೆಂಡರಿನ ತೂಕವೋ ನಾಲ್ಕು ನಾಣ್ಯದಷ್ಟು. ಆರು ಒರಟು ತಂತಿ ಸೇರಿ ಅದನ್ನು ಎತ್ತಿ ಹಿಡಿದರೆ ತಿರುವಿನಲ್ಲಿ ಚಕ್ರ ಹಳಿ ಬಿಟ್ಟು ಏಳುತ್ತದೆ. ಅಂಥ ತಂತಿಯನ್ನು ಬುಡದಲ್ಲಿ ಚೋಟುದ್ದ ಉಳಿಸಿ ಕತ್ತರಿಸಿ, ಕೂದಲೆಳೆಯಂಥ ಮೆತ್ತನೆ ತಂತಿ ಬೆಸೆಯಬೇಕು.

1.27ರ ಪಿನ್ ಪಟ್ಟಿ ಸಿಕ್ಕಿದವರಿಗೂ ಕೆಲಸವಾಗುತ್ತದೆ. ಯುರೋಪಿನ ಸಣ್ಣ ಎಂಜಿನ್ನುಗಳಲ್ಲಿ ಡಿಕೋಡರಿಗೆ ಕೊಡುವ 'ನೆಮ್ 651' ಎಂಬ ಆರು ಪಿನ್ನಿನ ಸಾಕೆಟ್ಟಿನದೂ ಇದೇ ಅಂತರ. ಬ್ಲೇಡಿನಲ್ಲಿ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಬೆಸುಗೆ ಹಾಕುವಾಗ ಮಾತ್ರ ಗಂಡು ಹೆಣ್ಣು ಎರಡನ್ನೂ ಸೇರಿಸಿಟ್ಟೇ ಹಾಕಬೇಕು. ಇಲ್ಲದಿದ್ದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಪಿನ್ನುಗಳು ಕುಡಿದವರ ಹಾಗೆ ವಾಲುತ್ತವೆ.

ಇದಕ್ಕೊಂದು ಕೇಡೂ ಇದೆ. ಪಟ್ಟಿಗೆ ಹಿಂದುಮುಂದು ಇಲ್ಲ, ತಿರುಗಾಮುರುಗಾ ಚುಚ್ಚಿದರೂ ಒಳಗೆ ಹೋಗುತ್ತದೆ. ಹಳಿಯ ಕರೆಂಟು ಮೋಟಾರಿನ ತಂತಿಗೆ ನುಗ್ಗಿದರೆ ಡಿಕೋಡರ್ ಹೊಗೆ. ಪ್ಲಗ್ಗಿಗೆ ಕೆಲವೇ ರೂಪಾಯಿ, ಡಿಕೋಡರಿಗೆ ಸಾವಿರಗಟ್ಟಲೆ! ಅಮೆರಿಕದ ಮಾದರಿ ರೈಲು ಸಂಘ ಬಣ್ಣದ ಕಟ್ಟಳೆ ಮಾಡಿದೆ: ಕೆಂಪು, ಕಪ್ಪು ಹಳಿಗೆ, ಕಿತ್ತಳೆ, ಬೂದು ಮೋಟಾರಿಗೆ. ಅದನ್ನು ಮೀರಬೇಡಿ. ಏಳು ಪಿನ್ ಕತ್ತರಿಸಿಕೊಂಡು, ಎರಡನೆಯದನ್ನು ಕಿತ್ತು, ಎದುರಿನ ತೂತಿಗೆ ಅಂಟು ತುಂಬಿಬಿಟ್ಟರೆ ತಪ್ಪಾಗಿ ಚುಚ್ಚಲು ಆಗುವುದೇ ಇಲ್ಲ. ಅಷ್ಟಾಗದಿದ್ದರೆ ಎರಡೂ ಕಡೆ ಒಂದೊಂದು ತೊಟ್ಟು ಉಗುರುಬಣ್ಣ.

ಫಿಟ್ಟರ್ ಸಾಹೇಬರಿಗೆ ಕೊನೆಗೆ ಜೋಡಿ ಸಿಕ್ಕಿದ್ದು ಹೀಗೇ, ಒಂದು ರಿಪೇರಿ ಅಂಗಡಿಯ ಕಸದ ಡಬ್ಬಿಯಲ್ಲಿ. ನಾಲ್ಕು ಪಿನ್ನಿನ ಫ್ಯಾನ್ ಪ್ಲಗ್ಗು. ಅಂಗಡಿಯ ಹುಡುಗ ಕಾಸು ಮುಟ್ಟಲಿಲ್ಲ, ಎಂಜಿನ್ ಓಡಿದ ದಿನ ತೋರಿಸಿ ಅಂದನಂತೆ. ಹಳಿಗೆ ಎರಡು, ಮೋಟಾರಿಗೆ ಎರಡು, ನಾಲ್ಕಕ್ಕೆ ಸರಿಹೋಯಿತು. ವೈ.ಜಿ. ಊಟದ ಮೇಜಿನ ಮೇಲೆ ಎರಡು ಸುತ್ತು ಹಾಕಿದೆ.

ಹೆಡ್‌ಲೈಟು ಮಾತ್ರ ಇನ್ನೂ ಹತ್ತಿಲ್ಲ. ಅದಕ್ಕೆ ಎರಡು ಪಿನ್ನಿನದು ಬೇಕು, ಒಂದು ಮಿ.ಮೀ. ಅಂತರದ್ದು. ಯಾರ ಅಂಗಡಿಯಲ್ಲಾದರೂ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹೊರಟಿದ್ದರೆ ಮೂಟೆ ಕಟ್ಟುವ ಮುಂಚೆ ಒಮ್ಮೆ ಸ್ಪೀಕರಿನ ತಂತಿ ನೋಡಿ.