ಸಂಡೂರಿನ ಮ್ಯಾಂಗನೀಸ್, ಮೈಲಾರದ ಮೌನ, ಮೈನಸ್ 263 ಡಿಗ್ರಿ

ಹೋದ ಎಪಿಸೋಡ್ ಕೇಳಿ ಹಗರಿಬೊಮ್ಮನಹಳ್ಳಿಯ ಕೇಳುಗರೊಬ್ರು ವಾಯ್ಸ್ ನೋಟ್ ಕಳಿಸಿದ್ರು: "ಸಂಡೂರು ಕಡೆ ಸಿಗೋ ಮ್ಯಾಂಗನೀಸ್ ಬರೀ ಉಕ್ಕಿಗೇ ಹೋಗ್ತದೇನ್ರಿ? ಇದ್ರಿಂದ ಚಿಪ್ ಮಾಡಕ್ಕಾಗಲ್ವಾ?" ಕೂಡ್ಲಿಗಿ ತಾಲ್ಲೂಕು ದಾಟಿದ್ರೆ ಸಂಡೂರೇ ಅಲ್ವಾ, ಪ್ರಶ್ನೆ ಸಹಜ. ಅದಿರಲ್ಲಿ ಹೆಚ್ಚಿನ ಪಾಲು ಉಕ್ಕಿಗೇ ಹೋಗೋದು. ಆದರೆ ಮ್ಯಾಂಗನೀಸ್ ಬೆರೆಸಿ ಕಾಂತದ ಗುಣ ಇರೋ ಚಿಪ್ ಮಾಡೋ ಪ್ರಯತ್ನ ನಡೆದಿದೆ. ಅದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನೋದೇ ಇವತ್ತಿನ ವಿಷಯ.

ಕಂಪ್ಯೂಟರಲ್ಲಿ ಲೆಕ್ಕ ಮಾಡೋದು ಅರೆವಾಹಕ, ಅಂದ್ರೆ ಸೆಮಿಕಂಡಕ್ಟರ್. ಹಾರ್ಡ್ ಡಿಸ್ಕ್‌ನಲ್ಲಿ ನೆನಪಿಟ್ಟುಕೊಳ್ಳೋದು ಕಾಂತ. ಎರಡೂ ಕೆಲಸ ಒಂದೇ ವಸ್ತು ಮಾಡಿದ್ರೆ? 1996ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿಡೆಯೊ ಓನೊ ತಂಡ ಗ್ಯಾಲಿಯಂ ಆರ್ಸೆನೈಡ್ ಅನ್ನೋ ಅರೆವಾಹಕಕ್ಕೆ ಮ್ಯಾಂಗನೀಸ್ ಸೇರಿಸಿ ತೆಳುಪದರ ಬೆಳೆಸಿತು. ನೂರು ಗ್ಯಾಲಿಯಂ ಜಾಗದಲ್ಲಿ ಸುಮಾರು ಐದು ಮ್ಯಾಂಗನೀಸ್‌ಗೆ. ಮಾಮೂಲಿ 600 ಡಿಗ್ರಿಯಲ್ಲಿ ಬೆಳೆಸಿದ್ರೆ ಮ್ಯಾಂಗನೀಸ್ ಬೇರೆಯಾಗಿ ಗಂಟು ಕಟ್ಟುತ್ತೆ. ಅದಕ್ಕೇ ಸುಮಾರು 250 ಡಿಗ್ರಿಯಲ್ಲೇ ಬೆಳೆಸ್ತಾರೆ.

ಈ ಪದರವನ್ನ ತಣ್ಣಗೆ ಮಾಡ್ತಾ ಅದರ ರೋಧಶೀಲತೆ ಅಳೆಯಿರಿ. ರೋಧಶೀಲತೆ ಅಂದ್ರೆ ವಿದ್ಯುತ್ತಿಗೆ ವಸ್ತು ಒಡ್ಡೋ ಅಡ್ಡಿ. ತಾಮ್ರ ತಣ್ಣಗಾದಷ್ಟೂ ಅಡ್ಡಿ ಕಡಿಮೆ, ಮಾಮೂಲಿ ಅರೆವಾಹಕ ತಣ್ಣಗಾದಷ್ಟೂ ಜಾಸ್ತಿ. ಇದು ಎರಡೂ ಆಟ ಆಡುತ್ತೆ. ಮೊದಲು ನಿಧಾನಕ್ಕೆ ಏರುತ್ತೆ, ಒಂದು ಗುಡ್ಡ ಕಟ್ಟುತ್ತೆ, ಆಮೇಲೆ ಇಳಿಯುತ್ತೆ. ಸುಮಾರು ಮೈನಸ್ 263 ಡಿಗ್ರಿ ದಾಟಿದ ಮೇಲೆ ಮತ್ತೆ ಸ್ವಲ್ಪ ಏರುತ್ತೆ.

ಆ ಗುಡ್ಡ ಯಾಕೆ? ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಗೊರವಯ್ಯ ಬಿಲ್ಲೇರೋ ಮುಂಚೆ ಲಕ್ಷ ಜನ ಲಕ್ಷ ದಿಕ್ಕಿಗೆ. ಅವರ ನಡುವೆ ನುಸುಳೋದು ಕಷ್ಟ. "ಸದ್ದಲೇ" ಅಂದಮೇಲೆ ಎಲ್ಲರ ಮುಖ ಒಂದೇ ಕಡೆ, ಸಂದು ಸಿಗುತ್ತೆ. ತುಂಬಾ ಕಷ್ಟ ಅಂದ್ರೆ ನಡುವಿನ ಹೊತ್ತು: ಒಂದು ಗುಂಪು ತಿರುಗಿದೆ, ಪಕ್ಕದ ಗುಂಪು ಇನ್ನೂ ಇಲ್ಲ. ಪದರದಲ್ಲಿ ಮ್ಯಾಂಗನೀಸಿನ ಪುಟ್ಟ ಪುಟ್ಟ ಕಾಂತಗಳು ಒಂದೇ ದಿಕ್ಕಿಗೆ ತಿರುಗೋಕೆ ಶುರುವಾಗೋ ತಾಪಕ್ಕೆ ಕ್ಯೂರಿ ತಾಪ ಅಂತಾರೆ. ಗುಡ್ಡದ ನೆತ್ತಿ ಅದರ ಹತ್ತಿರವೇ ಇರುತ್ತೆ.

ನನಗೆ ಇಷ್ಟ ಆದದ್ದು ಇದರ ಮುಂದಿನ ಮಾತು. ಮ್ಯಾಂಗನೀಸ್ ಪರಮಾಣುಗಳು ದೂರ ದೂರ ಕೂತಿರೋದ್ರಿಂದ ಒಂದಕ್ಕೊಂದು ಸುದ್ದಿ ಮುಟ್ಟಿಸೋರು ಬೇಕು. ಆ ಕೆಲಸ ಮಾಡೋದು ವಿದ್ಯುತ್ ಒಯ್ಯೋ ಕಣಗಳೇ! ಅವು ಕಮ್ಮಿಯಾದ್ರೆ ರೋಧವೂ ಏರುತ್ತೆ, ಕಾಂತವೂ ಸೋಲುತ್ತೆ. ಕೆಲವು ಮ್ಯಾಂಗನೀಸ್ ತಪ್ಪು ಜಾಗದಲ್ಲಿ, ಬಸ್ಸಿನ ನಡುದಾರಿಯಲ್ಲಿ ಲಗೇಜ್ ಇಟ್ಟು ನಿಂತವರ ಹಾಗೆ ಸಿಕ್ಕಿಕೊಂಡು, ಆ ಕಣಗಳನ್ನ ನುಂಗಿಹಾಕ್ತಾವೆ. 2000ದ ನಂತರ ಸಿಕ್ಕ ಮದ್ದು ಸರಳ: ಪದರವನ್ನ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ. ಅವು ಮೇಲ್ಮೈಗೆ ಸರಿದು ಹೋಗ್ತಾವೆ. ರೋಧ ಇಳಿಯುತ್ತೆ, ಕ್ಯೂರಿ ತಾಪ ಏರುತ್ತೆ. ಮೊದಲು ಮೈನಸ್ 163 ಡಿಗ್ರಿ ಇದ್ದದ್ದು ಮೈನಸ್ 73ರ ಹತ್ತಿರ ಬಂತು.

ಕೊನೆಯ ಆ ಸಣ್ಣ ಏರಿಕೆ? ಪದರ ಅಚ್ಚುಕಟ್ಟಾಗಿಲ್ಲ, ಪರಮಾಣುಗಳು ಅಡ್ಡಾದಿಡ್ಡಿ ಇವೆ. ಅಷ್ಟು ಚಳಿಯಲ್ಲಿ ಕಣಗಳು ಅಲೆಗಳ ಹಾಗೆ ನಡೆದು, ಸುತ್ತಿ ಬಂದು ತಮ್ಮದೇ ದಾರಿಗೆ ಅಡ್ಡ ಬರ್ತಾವೆ. ಒಂದನ್ನೊಂದು ತಳ್ಳಿಕೊಳ್ತಾವೆ ಕೂಡ. ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಸಾಲಲ್ಲ, ಮುಂದಕ್ಕೆ ಹೋಗೋಣ.

ಇದರ ದಾಯಾದಿ ಬೆಂಗಳೂರಲ್ಲೂ ಇದೆ. ಮ್ಯಾಂಗನೀಸ್ ಆಕ್ಸೈಡ್‌ಗಳ ಮೇಲೆ ಸಿ.ಎನ್.ಆರ್. ರಾವ್ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ರು. 1998ರಲ್ಲಿ ಬರ್ನಾರ್ಡ್ ರಾವೊ ಜೊತೆ ಅದರ ಮೇಲೊಂದು ಪುಸ್ತಕ ಸಂಪಾದಿಸಿದ್ರು. ಲ್ಯಾಂಥನಂ, ಸ್ಟ್ರಾನ್ಷಿಯಂ ಸೇರಿದ ಒಂದು ಆಕ್ಸೈಡ್ ಸುಮಾರು 90 ಡಿಗ್ರಿ ಬಿಸಿವರೆಗೂ ಕಾಂತವಾಗಿರುತ್ತೆ. ನಮ್ಮ ಬೇಸಿಗೆ ಅದಕ್ಕೆ ಲೆಕ್ಕವೇ ಅಲ್ಲ. ಆದ್ರೆ ಮಾಮೂಲಿ ಚಿಪ್ ಜೊತೆ ಅದನ್ನ ಕೂರಿಸೋದು ಸುಲಭವಿಲ್ಲ. ಸುಲಭವಾಗಿ ಕೂರೋದು ಓನೊ ಅವರ ಪದರ, ಅದಕ್ಕೋ ಚಳಿ ಬೇಕು.

ಏಪ್ರಿಲ್‌ನ ಕೊಟ್ಟೂರು 40 ಡಿಗ್ರಿ ಅಂತ ಹಿಡೀರಿ. ಮೈನಸ್ 73ರಿಂದ ಅಲ್ಲಿಗೆ ಇನ್ನೂ 113 ಡಿಗ್ರಿ ಬಾಕಿ.