ಕೈತೋಟದ ಯೋಜನೆ ಮತ್ತು ನಾಟಿ ದಾಖಲೆ

ಕೈತೋಟದ ಯೋಜನೆ ಎಂದರೆ ಮನೆಬಳಕೆಯ ತರಕಾರಿ ಬೆಳೆಯುವ ಜಾಗವನ್ನು ಮಡಿಗಳಾಗಿ ವಿಂಗಡಿಸಿ, ಯಾವ ಮಡಿಯಲ್ಲಿ ಯಾವ ಬೆಳೆಯನ್ನು ಯಾವಾಗ ಮತ್ತು ಎಷ್ಟು ಬೆಳೆಯಬೇಕೆಂಬುದನ್ನು ಬಿತ್ತನೆಗೆ ಮೊದಲೇ ನಿರ್ಧರಿಸುವ ಕ್ರಮ. ನಾಟಿ ದಾಖಲೆ ಎಂದರೆ ಬಿತ್ತನೆ, ಮೊಳಕೆ, ನಾಟಿ, ಕೊಯ್ಲು, ರೋಗ, ಕೀಟ ಹಾಗೂ ಮಳೆಯ ವಿವರಗಳನ್ನು ದಿನಾಂಕಸಹಿತ ಬರೆದಿಡುವ ಪುಸ್ತಕ. ಇವೆರಡೂ ಪರಸ್ಪರ ಪೂರಕವಾದವು. ಯೋಜನೆಯು ಮುಂದಿನ ಹಂಗಾಮನ್ನು ನಿರ್ದೇಶಿಸಿದರೆ, ದಾಖಲೆಯು ಕಳೆದ ಹಂಗಾಮಿನಲ್ಲಿ ವಾಸ್ತವವಾಗಿ ನಡೆದುದನ್ನು ತಿಳಿಸುತ್ತದೆ. ದಾಖಲೆಯಿಲ್ಲದ ತೋಟದಲ್ಲಿ ಒಂದೇ ಕುಟುಂಬದ ಬೆಳೆಗಳು ಒಂದೇ ಮಡಿಗೆ ಮರಳಿ ಮಣ್ಣಿನಲ್ಲಿ ರೋಗಕಾರಕಗಳು ಹೆಚ್ಚುವುದು, ಕೆಲವು ವಾರ ಅತಿಯಾದ ಫಸಲು ಬಂದು ಉಳಿದ ವಾರಗಳಲ್ಲಿ ಏನೂ ಇಲ್ಲದಿರುವುದು, ಮನೆತನದ ಬೀಜದ ತಳಿಗಳು ಬೆರಕೆಯಾಗಿ ಕಳೆದುಹೋಗುವುದು ಸಾಮಾನ್ಯ.

ಇತಿಹಾಸ

ಬೇಸಾಯದ ಕಾಲ ಮತ್ತು ಮಳೆಯನ್ನು ಗಮನಿಸಿ ಗುರುತಿಸುವ ಪದ್ಧತಿ ಭಾರತದಲ್ಲಿ ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿಯ ಮೇಲ್ವಿಚಾರಕನಾದ ಸೀತಾಧ್ಯಕ್ಷನು ಸಕಾಲದಲ್ಲಿ ಬೀಜಗಳನ್ನು ಸಂಗ್ರಹಿಸಬೇಕೆಂಬ ವಿಧಿಯೂ, ಮಳೆಯ ಪ್ರಮಾಣವನ್ನು ಅಳೆಯುವ ವಿವರವೂ ಇವೆ. ಕನ್ನಡದಲ್ಲಿ 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ಅಂತರ್ಜಲ ಶೋಧನೆ, ವೃಕ್ಷಾಯುರ್ವೇದ ಮುಂತಾದ ವಿಷಯಗಳನ್ನು ಒಳಗೊಂಡ ಗ್ರಂಥವಾಗಿದೆ.

ಯೂರೋಪ್ ಮತ್ತು ಅಮೆರಿಕಗಳಲ್ಲಿ 18ನೆಯ ಶತಮಾನದ ಎರಡು ತೋಟದ ದಿನಚರಿಗಳು ಪ್ರಸಿದ್ಧವಾಗಿವೆ. ಇಂಗ್ಲೆಂಡಿನ ಸೆಲ್‌ಬೋರ್ನ್ ಗ್ರಾಮದ ಪಾದ್ರಿ ಹಾಗೂ ನಿಸರ್ಗಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1751ರಿಂದ 'ಗಾರ್ಡನ್ ಕ್ಯಾಲೆಂಡರ್' ಎಂಬ ದಾಖಲೆಯನ್ನು ಬರೆದನು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ 'ಗಾರ್ಡನ್ ಬುಕ್' ಅನ್ನು 1766ರಲ್ಲಿ ಆರಂಭಿಸಿ 1824ರವರೆಗೆ ಮುಂದುವರಿಸಿದನು. ಮಾಂಟಿಚೆಲ್ಲೊದಲ್ಲಿದ್ದ ಅವನ ತರಕಾರಿ ತೋಟವು ಸುಮಾರು 1000 ಅಡಿ ಉದ್ದವಾಗಿದ್ದು, ಅದನ್ನು ನಿರ್ಮಿಸಿದವರು ಮತ್ತು ಅದರಲ್ಲಿ ದುಡಿದವರು ಬಹುಪಾಲು ಗುಲಾಮಗಿರಿಯಲ್ಲಿದ್ದ ಜನರು. ಜೆಫರ್ಸನ್ನನು ಬಿತ್ತನೆ ಮತ್ತು ಕೊಯ್ಲಿನ ದಿನಾಂಕಗಳ ಜೊತೆಗೆ ವಿಫಲವಾದ ಬೆಳೆಗಳನ್ನೂ ನಮೂದಿಸಿರುವುದರಿಂದ ಈ ದಾಖಲೆಯು ಇಂದಿಗೂ ಉಪಯುಕ್ತವಾಗಿದೆ.

ಸ್ಥಳ ಮತ್ತು ಮಣ್ಣು

ಹೆಚ್ಚಿನ ತರಕಾರಿಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆಗಳ ನೇರ ಬಿಸಿಲು ಅಗತ್ಯ. ಸೊಪ್ಪಿನ ಬೆಳೆಗಳು ಇದಕ್ಕಿಂತ ಕಡಿಮೆ ಬಿಸಿಲಿನಲ್ಲಿಯೂ ಬೆಳೆಯುತ್ತವೆ. ಎತ್ತರದ ಗಿಡಗಳನ್ನೂ ಚಪ್ಪರದ ಬಳ್ಳಿಗಳನ್ನೂ ತೋಟದ ಉತ್ತರ ಅಂಚಿನಲ್ಲಿ ಇಡಬೇಕೆಂಬ ಸಲಹೆ ಸಾಮಾನ್ಯವಾಗಿದೆ. ಕರ್ನಾಟಕದಲ್ಲಿ ಈ ಸಲಹೆಯು ಮುಖ್ಯವಾಗಿ ಚಳಿಗಾಲಕ್ಕೆ ಅನ್ವಯಿಸುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಭಾಗದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಆದ್ದರಿಂದ ನೆರಳು ಬೀಳುವ ಸ್ಥಳವನ್ನು ವರ್ಷದಲ್ಲಿ ಎರಡು ಬಾರಿಯಾದರೂ, ಅಂದರೆ ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ನೋಡಿ ನಕ್ಷೆಯಲ್ಲಿ ಗುರುತಿಸಲಾಗುತ್ತದೆ.

ತರಕಾರಿಗಳಿಗೆ ಮಣ್ಣಿನ ರಸಸಾರವು 6ರಿಂದ 7.5ರ ನಡುವೆ ಇರುವುದು ಒಳ್ಳೆಯದು. ಪರೀಕ್ಷೆಗಾಗಿ ತೋಟದ ಹಲವು ಕಡೆ ಸುಮಾರು 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಿಂದ ಅರ್ಧ ಕಿಲೋಗ್ರಾಂ ಮಾದರಿಯನ್ನು ಪ್ರಯೋಗಾಲಯಕ್ಕೆ ನೀಡಲಾಗುತ್ತದೆ. ಈ ವರದಿಯೇ ದಾಖಲೆ ಪುಸ್ತಕದ ಮೊದಲ ಪುಟವಾಗುವುದು ಸೂಕ್ತ.

ಮಡಿಗಳ ವಿನ್ಯಾಸ

ಮಡಿಯ ಅಗಲವು 1ರಿಂದ 1.2 ಮೀಟರ್ ಇದ್ದರೆ ಎರಡೂ ಬದಿಗಳಿಂದ ಕೈಚಾಚಿ ಕೆಲಸ ಮಾಡಬಹುದು, ಮಣ್ಣನ್ನು ತುಳಿಯಬೇಕಾಗುವುದಿಲ್ಲ. ಮಡಿಗಳ ನಡುವೆ 30ರಿಂದ 45 ಸೆಂ.ಮೀ. ದಾರಿ ಬಿಡಲಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ನೀರು ನಿಲ್ಲದಂತೆ ಮಡಿಗಳನ್ನು 15ರಿಂದ 20 ಸೆಂ.ಮೀ. ಎತ್ತರಿಸುವುದು ಅವಶ್ಯಕ. ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿಯಂತಹ ಬಹುವಾರ್ಷಿಕ ಗಿಡಗಳಿಗೂ ಗೊಬ್ಬರದ ಗುಂಡಿಗೂ ಅಂಚಿನಲ್ಲಿ ಸ್ಥಿರ ಸ್ಥಳ ನೀಡಿ, ಉಳಿದ ಮಡಿಗಳಿಗೆ ಬದಲಾಗದ ಸಂಖ್ಯೆಗಳನ್ನು ಕೊಡಲಾಗುತ್ತದೆ. ಸಂಖ್ಯೆ ಬದಲಾದರೆ ಹಿಂದಿನ ವರ್ಷಗಳ ದಾಖಲೆಗೆ ಅರ್ಥವಿರುವುದಿಲ್ಲ.

ಪ್ರಮಾಣದ ಲೆಕ್ಕ

ಒಬ್ಬ ವಯಸ್ಕನಿಗೆ ದಿನಕ್ಕೆ 300 ಗ್ರಾಂ ತರಕಾರಿ ಎಂದು ಇಟ್ಟುಕೊಂಡರೆ ನಾಲ್ವರ ಕುಟುಂಬಕ್ಕೆ ದಿನಕ್ಕೆ 1.2 ಕಿಲೋಗ್ರಾಂ, ವಾರಕ್ಕೆ 8.4 ಕಿಲೋಗ್ರಾಂ ಬೇಕಾಗುತ್ತದೆ. ಜಾಗ ಕಡಿಮೆಯಿದ್ದಲ್ಲಿ ಈ ಪೂರ್ಣ ಪ್ರಮಾಣವನ್ನು ಬೆಳೆಯುವ ಬದಲು ಸೊಪ್ಪು, ಮೆಣಸಿನಕಾಯಿ, ಬೆಂಡೆಯಂತಹ ತಾಜಾತನ ಮುಖ್ಯವಾದ ಬೆಳೆಗಳನ್ನು ಆರಿಸಿಕೊಳ್ಳಲಾಗುತ್ತದೆ.

ಗಿಡಗಳ ಸಂಖ್ಯೆಯನ್ನು ಅಂತರದಿಂದ ಲೆಕ್ಕ ಹಾಕಬಹುದು. 3 ಮೀಟರ್ ಉದ್ದ, 1.2 ಮೀಟರ್ ಅಗಲದ ಮಡಿಯ ವಿಸ್ತೀರ್ಣ 3.6 ಚದರ ಮೀಟರ್. ಬೆಂಡೆಯನ್ನು 60×30 ಸೆಂ.ಮೀ. ಅಂತರದಲ್ಲಿ ಬಿತ್ತಿದರೆ ಒಂದು ಗಿಡಕ್ಕೆ 0.18 ಚದರ ಮೀಟರ್ ಬೇಕಾಗಿ, ಮಡಿಯಲ್ಲಿ 20 ಗಿಡಗಳು ಹಿಡಿಯುತ್ತವೆ. ಟೊಮೇಟೊವನ್ನು 60×45 ಸೆಂ.ಮೀ. ಅಂತರದಲ್ಲಿ ನೆಟ್ಟರೆ 13 ಗಿಡಗಳು ಹಿಡಿಯುತ್ತವೆ.

ಹಳೆಯ ಬೀಜವಾದರೆ ಮೊಳಕೆ ಪರೀಕ್ಷೆ ಅಗತ್ಯ. ಒದ್ದೆ ಬಟ್ಟೆಯಲ್ಲಿಟ್ಟ 20 ಬೀಜಗಳಲ್ಲಿ 14 ಮೊಳೆತರೆ ಮೊಳಕೆಯ ಪ್ರಮಾಣ ಶೇಕಡಾ 70. ಇಂತಹ ಬೀಜದಿಂದ 20 ಗಿಡ ಪಡೆಯಲು ಕನಿಷ್ಠ 29 ಬೀಜಗಳನ್ನು ಬಿತ್ತಬೇಕು. ಈರುಳ್ಳಿ ಬೀಜವು ಒಂದು ವರ್ಷದ ನಂತರ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಟೊಮೇಟೊ ಮತ್ತು ಕುಂಬಳ ಜಾತಿಯ ಬೀಜಗಳು ಒಣ ಹಾಗೂ ತಂಪಾದ ಸ್ಥಳದಲ್ಲಿ ಹಲವು ವರ್ಷ ಉಳಿಯುತ್ತವೆ. ಈ ಕಾರಣದಿಂದ ಬೀಜದ ಪೊಟ್ಟಣದ ಮೇಲೆ ವರ್ಷವನ್ನು ಬರೆಯಲಾಗುತ್ತದೆ.

ಕಾಲದ ಯೋಜನೆ

ಕರ್ನಾಟಕದ ರೈತರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಪ್ರತಿ ಮಳೆ ನಕ್ಷತ್ರದ ಅವಧಿ ಸುಮಾರು 13ರಿಂದ 14 ದಿನಗಳು. ರೋಹಿಣಿ ಮೇ ಕೊನೆಯ ವಾರದಲ್ಲಿ, ಮೃಗಶಿರಾ ಜೂನ್ ಎರಡನೆಯ ವಾರದಲ್ಲಿ, ಆರಿದ್ರಾ ಜೂನ್ 22ರ ಸುಮಾರಿಗೆ ಆರಂಭವಾಗುತ್ತವೆ. ದಾಖಲೆಯಲ್ಲಿ ದಿನಾಂಕದೊಡನೆ ಮಳೆ ನಕ್ಷತ್ರವನ್ನೂ ಬರೆದರೆ ಹಿರಿಯರ ಅನುಭವದೊಂದಿಗೆ ಹೋಲಿಸಲು ಅನುಕೂಲವಾಗುತ್ತದೆ.

| ಹಂಗಾಮು | ತಿಂಗಳುಗಳು | ಸೂಕ್ತ ಬೆಳೆಗಳು |
|---|---|---|
| ಮುಂಗಾರು | ಜೂನ್–ಸೆಪ್ಟೆಂಬರ್ | ಬೆಂಡೆ, ಬದನೆ, ಹೀರೆ, ಹಾಗಲ, ಸೋರೆ, ಪಡವಲ, ಅಲಸಂದೆ |
| ಹಿಂಗಾರು | ಅಕ್ಟೋಬರ್–ಜನವರಿ | ಟೊಮೇಟೊ, ಎಲೆಕೋಸು, ಹೂಕೋಸು, ಕ್ಯಾರೆಟ್, ಮೂಲಂಗಿ, ಬಟಾಣಿ, ಮೆಂತ್ಯ, ಪಾಲಕ್ |
| ಬೇಸಿಗೆ | ಫೆಬ್ರವರಿ–ಮೇ | ಸೌತೆ, ಕುಂಬಳ, ಬೆಂಡೆ, ದಂಟು, ಬಸಳೆ |

ಈ ವಿಂಗಡಣೆಯು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಪ್ರಸಿದ್ಧ ಬದನೆಯಾದ ಮಟ್ಟುಗುಳ್ಳವನ್ನು ಭಾರಿ ಮಳೆ ಇಳಿದ ನಂತರವೇ ನೆಡಲಾಗುತ್ತದೆ. ಹಗಲಿನ ಅವಧಿಗೆ ಸ್ಪಂದಿಸುವ ಸ್ಥಳೀಯ ಅವರೆ ತಳಿಗಳು ಹಗಲು ಕಿರಿದಾದ ಮೇಲೆ ಮಾತ್ರ ಹೂ ಬಿಡುತ್ತವೆ. ಅವುಗಳನ್ನು ಬೇಗ ಬಿತ್ತಿದರೆ ಬಳ್ಳಿ ಹೆಚ್ಚುತ್ತದೆಯೇ ಹೊರತು ಕಾಯಿ ಅಷ್ಟೇ ಬೇಗ ಬರುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ತಳಿಗಳಲ್ಲಿ ಕೆಲವು ಈ ಅವಲಂಬನೆಯಿಂದ ಮುಕ್ತವಾಗಿವೆ.

ಬಿತ್ತನೆಯ ದಿನವನ್ನು ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಲಾಗುತ್ತದೆ. ಜನವರಿ 1ರಿಂದ ಟೊಮೇಟೊ ಬೇಕಾಗಿದ್ದು, ನಾಟಿಯಿಂದ ಕೊಯ್ಲಿಗೆ 70 ದಿನ ಮತ್ತು ಸಸಿಮಡಿಯಲ್ಲಿ 28 ದಿನ ತಗಲುವುದಾದರೆ, ಅಕ್ಟೋಬರ್ 23ಕ್ಕೆ ನಾಟಿಯನ್ನೂ ಸೆಪ್ಟೆಂಬರ್ 25ಕ್ಕೆ ಬಿತ್ತನೆಯನ್ನೂ ಮಾಡಬೇಕು. ಸೊಪ್ಪಿನ ಬೆಳೆಗಳಿಗೆ ಸರದಿ ಬಿತ್ತನೆ ಸೂಕ್ತ. ಸುಮಾರು 30 ದಿನಗಳಲ್ಲಿ ಕೊಯ್ಲಿಗೆ ಬರುವ ದಂಟಿನ ಮಡಿಯನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ, 10 ದಿನಗಳಿಗೊಮ್ಮೆ ಒಂದು ಪಟ್ಟಿಯನ್ನು ಬಿತ್ತಿದರೆ, ಮೂರು ಪಟ್ಟಿಗಳು ಬೆಳೆಯುತ್ತಿರುವಾಗ ನಾಲ್ಕನೆಯದು ಗೊಬ್ಬರ ಹಾಕಿ ಸಿದ್ಧಪಡಿಸಲು ದೊರೆಯುತ್ತದೆ.

ಬೆಳೆ ಸರದಿ

ಒಂದೇ ಕುಟುಂಬದ ಬೆಳೆಗಳಿಗೆ ಹಲವು ರೋಗ ಮತ್ತು ಕೀಟಗಳು ಸಮಾನವಾಗಿರುವುದರಿಂದ ಸರದಿಯನ್ನು ಕುಟುಂಬವಾರು ಯೋಜಿಸಲಾಗುತ್ತದೆ.

* ಬದನೆ ಕುಟುಂಬ: ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ
* ಕುಂಬಳ ಕುಟುಂಬ: ಸೌತೆ, ಹೀರೆ, ಹಾಗಲ, ಸೋರೆ, ಪಡವಲ
* ದ್ವಿದಳ ಕುಟುಂಬ: ಹುರುಳಿಕಾಯಿ, ಅವರೆ, ಅಲಸಂದೆ, ಬಟಾಣಿ, ಮೆಂತ್ಯ
* ಸಾಸಿವೆ ಕುಟುಂಬ: ಎಲೆಕೋಸು, ಹೂಕೋಸು, ಮೂಲಂಗಿ, ನವಿಲುಕೋಸು
* ದಂಟು ಕುಟುಂಬ: ದಂಟು, ಪಾಲಕ್, ಬೀಟ್ರೂಟ್

ಒಂದು ಕುಟುಂಬವು ಅದೇ ಮಡಿಗೆ ಮರಳಲು ಕನಿಷ್ಠ ಎರಡು ಮೂರು ವರ್ಷಗಳ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಈ ನಿಯಮಕ್ಕೆ ಮಿತಿಗಳಿವೆ. ಟೊಮೇಟೊ, ಬದನೆಗಳನ್ನು ಕಾಡುವ ದುಂಡಾಣು ಸೊರಗು ರೋಗದ ಜೀವಾಣುವು ಮಣ್ಣಿನಲ್ಲಿ ದೀರ್ಘಕಾಲ ಉಳಿಯಬಲ್ಲದು. ಈ ರೋಗ ತಗಲಿದ ಗಿಡವು ಎಲೆ ಹಸಿರಾಗಿರುವಾಗಲೇ ಹಠಾತ್ತನೆ ಬಾಡುತ್ತದೆ. ಅದರ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ ಹಾಲಿನಂತಹ ದ್ರವ ಎಳೆಯಾಗಿ ಇಳಿಯುವುದು ಕಾಣುತ್ತದೆ. ಅಂತಹ ಮಡಿಯಲ್ಲಿ ರಾಗಿ, ಜೋಳದಂತಹ ಏಕದಳ ಬೆಳೆಗಳನ್ನು ಸರದಿಗೆ ತರಲಾಗುತ್ತದೆ. ಬೇರುಗಂಟು ಜಂತುಹುಳುವಿನ ಬಾಧೆಗೆ ಟೊಮೇಟೊ, ಬೆಂಡೆ, ಸೌತೆ ಮುಂತಾದ ಬೇರೆ ಬೇರೆ ಕುಟುಂಬಗಳ ಬೆಳೆಗಳೂ ತುತ್ತಾಗುವುದರಿಂದ ಕುಟುಂಬವನ್ನು ಬದಲಿಸುವುದಷ್ಟೇ ಸಾಲದು. ಅಲ್ಲಿ ಚೆಂಡು ಹೂವನ್ನು ಬೆಳೆಸುವ ರೂಢಿಯಿದೆ. ಹೀಗಾಗಿ ಬೆಳೆ ಮುಗಿದು ಗಿಡ ಕೀಳುವಾಗ ಬೇರನ್ನು ಪರೀಕ್ಷಿಸಿ ಬರೆದಿಡುವ ಒಂದು ಸಾಲು, ಮುಂದಿನ ಹಂಗಾಮಿನ ನಿರ್ಧಾರಕ್ಕೆ ಅತ್ಯಂತ ಮುಖ್ಯವಾದ ಆಧಾರವಾಗುತ್ತದೆ.

ದಾಖಲೆಯ ಸ್ವರೂಪ

ದಾಖಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ: ಪ್ರತಿ ಹಂಗಾಮಿನ ಮಡಿಗಳ ನಕ್ಷೆ, ನಾಟಿ ಪಟ್ಟಿ, ಕೊಯ್ಲಿನ ತೂಕದ ಪಟ್ಟಿ ಹಾಗೂ ಹವಾಮಾನ ಮತ್ತು ಕೀಟ-ರೋಗಗಳ ಟಿಪ್ಪಣಿ. ನಾಟಿ ಪಟ್ಟಿಯ ಒಂದು ಕಾಲ್ಪನಿಕ ಮಾದರಿ ಹೀಗಿದೆ:

| ಮಡಿ | ಬೆಳೆ ಮತ್ತು ತಳಿ | ಬೀಜದ ಮೂಲ | ಬಿತ್ತನೆ | ನಾಟಿ | ಮೊದಲ ಕೊಯ್ಲು | ಟಿಪ್ಪಣಿ |
|---|---|---|---|---|---|---|
| 1 | ಟೊಮೇಟೊ, ಅರ್ಕಾ ವಿಕಾಸ್ | ಖರೀದಿ | ಸೆಪ್ಟೆಂಬರ್ 25 | ಅಕ್ಟೋಬರ್ 23 | ಜನವರಿ 3 | ಕಿತ್ತಾಗ ಬೇರಿನಲ್ಲಿ ಗಂಟು |
| 2 | ಬೆಂಡೆ, ಅರ್ಕಾ ಅನಾಮಿಕ | ಮನೆಯ ಬೀಜ | ಜೂನ್ 10 | ನೇರ ಬಿತ್ತನೆ | ಜುಲೈ 28 | 29 ಬೀಜಗಳಲ್ಲಿ 21 ಮೊಳೆತವು |
| 3 | ದಂಟು, ಅರ್ಕಾ ಸುಗುಣ | ಖರೀದಿ | ಜುಲೈ 1 | ನೇರ ಬಿತ್ತನೆ | ಜುಲೈ 27 | ಮಳೆಗೆ ಅಂಚಿನ ಸಾಲು ಕೊಳೆತಿದೆ |

ಮೇಲಿನ ತಳಿಗಳು ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಮೊದಲ ಮಡಿಯ ಟಿಪ್ಪಣಿಯನ್ನು ಓದಿದವರು ಬೇಸಿಗೆಯಲ್ಲಿ ಅಲ್ಲಿ ಬೆಂಡೆಯನ್ನಾಗಲಿ ಸೌತೆಯನ್ನಾಗಲಿ ಬಿತ್ತುವುದಿಲ್ಲ. ಆ ಸಾಲು ಇಲ್ಲದಿದ್ದರೆ ಕುಟುಂಬ ಬೇರೆಯಾದುದರಿಂದ ಅಪಾಯವಿಲ್ಲವೆಂದು ಭಾವಿಸುವ ಸಾಧ್ಯತೆಯಿದೆ.

ಮಳೆಯನ್ನು ನೇರ ಅಂಚಿನ ಡಬ್ಬಿಯಲ್ಲಿ ಅಳೆಯಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಬಿದ್ದ 1 ಮಿ.ಮೀ. ಮಳೆಯು 1 ಲೀಟರ್ ನೀರಿಗೆ ಸಮ. 3.6 ಚದರ ಮೀಟರ್ ಮಡಿಗೆ ವಾರದಲ್ಲಿ 25 ಮಿ.ಮೀ. ನೀರು ಬೇಕೆಂದರೆ ಅದು 90 ಲೀಟರ್. ಆ ವಾರ 10 ಮಿ.ಮೀ. ಮಳೆಯಾಗಿದ್ದರೆ 54 ಲೀಟರ್ ಕೊಟ್ಟರೆ ಸಾಕು. ಕೀಟನಾಶಕ ಬಳಸಿದಲ್ಲಿ ಅದರ ಹೆಸರು, ಪ್ರಮಾಣ, ಸಿಂಪಡಿಸಿದ ದಿನ ಮತ್ತು ಪೊಟ್ಟಣದಲ್ಲಿ ಸೂಚಿಸಿದ ಕಾಯುವ ಅವಧಿಯನ್ನು ಬರೆಯಲೇಬೇಕು. ಆ ಅವಧಿ ಮುಗಿಯುವ ಮೊದಲು ಕೊಯ್ದ ತರಕಾರಿಯು ತಿನ್ನಲು ಯೋಗ್ಯವಲ್ಲ.

ಬೀಜ ಸಂರಕ್ಷಣೆಯಲ್ಲಿ ಪಾತ್ರ

ಟೊಮೇಟೊ ಮತ್ತು ಹುರುಳಿಕಾಯಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶ ಹೊಂದುತ್ತವೆ. ಬೆಂಡೆ ಮತ್ತು ಮೆಣಸಿನಕಾಯಿಗಳಲ್ಲಿ ಜೇನುನೊಣಗಳ ಮೂಲಕ ಸಾಕಷ್ಟು ಬೆರಕೆಯಾಗುತ್ತದೆ. ಕುಂಬಳ ಕುಟುಂಬದಲ್ಲಿ ಒಂದೇ ಜಾತಿಯ ಎರಡು ತಳಿಗಳು ಸಮೀಪದಲ್ಲಿದ್ದರೆ ಬೆರೆಯುವುದು ಸಹಜ. ಈ ಬೆರಕೆಯು ಆ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ, ಮುಂದಿನ ವರ್ಷ ಬೀಜದಿಂದ ಬೆಳೆದ ಗಿಡದಲ್ಲಿ ಮಾತ್ರ ಗೋಚರಿಸುತ್ತದೆ. ಆದ್ದರಿಂದ ಯಾವ ತಳಿಯ ಪಕ್ಕದಲ್ಲಿ ಯಾವುದಿತ್ತು ಎಂಬ ನಕ್ಷೆಯು ಬೀಜ ಇಡುವವರಿಗೆ ಅನಿವಾರ್ಯ. ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ ಬೀಜವು ಮೂಲ ಗುಣವನ್ನು ಉಳಿಸಿಕೊಳ್ಳುವುದಿಲ್ಲವಾದುದರಿಂದ ಅದನ್ನೂ ನಮೂದಿಸಬೇಕು. ಮಲೆನಾಡಿನ ಕೈತೋಟಗಳ ಸ್ಥಳೀಯ ತಳಿಗಳ ಸಂರಕ್ಷಣೆ ಮತ್ತು ವಿನಿಮಯದಲ್ಲಿ ಶಿರಸಿಯ ವನಸ್ತ್ರೀ ಬಳಗವು ತೊಡಗಿದೆ.

ದಾಖಲೆಯ ಮಿತಿಗಳು

ಒಂದು ವರ್ಷದ ದಾಖಲೆಯಿಂದ ತಳಿಯ ಗುಣವನ್ನು ನಿರ್ಣಯಿಸಲಾಗದು. ಕಡಿಮೆ ಫಸಲಿಗೆ ತಳಿಯ ಬದಲು ಆ ವರ್ಷದ ಮಳೆಯೋ ತಡವಾದ ಬಿತ್ತನೆಯೋ ಕಾರಣವಿರಬಹುದು. ಎರಡು ತಳಿಗಳನ್ನು ಹೋಲಿಸಲು ಅವುಗಳನ್ನು ಒಂದೇ ದಿನ, ಒಂದೇ ಬಗೆಯ ಮಡಿಯಲ್ಲಿ, ಒಂದೇ ಆರೈಕೆಯಲ್ಲಿ ಬೆಳೆದು, ಕನಿಷ್ಠ ಎರಡು ಮೂರು ವರ್ಷ ಪುನರಾವರ್ತಿಸಬೇಕು. ಯಶಸ್ಸನ್ನಷ್ಟೇ ಬರೆದು ವೈಫಲ್ಯವನ್ನು ಬಿಡುವುದು ಮತ್ತು ವಾರಗಳ ನಂತರ ನೆನಪಿನಿಂದ ಬರೆಯುವುದು ದಾಖಲೆಯ ಸಾಮಾನ್ಯ ದೋಷಗಳು. ಇವನ್ನು ತಪ್ಪಿಸಲು ತೋಟದ ಬಳಿಯಲ್ಲಿಯೇ ಪುಸ್ತಕವಿಟ್ಟು, ಪೆನ್ಸಿಲ್‌ನಿಂದ ಅದೇ ದಿನ ಬರೆಯುವ ರೂಢಿಯಿದೆ. ನೀರು ತಗಲಿದರೂ ಪೆನ್ಸಿಲ್ ಬರಹ ಅಳಿಯುವುದಿಲ್ಲ.

ಶಾಲೆ ಮತ್ತು ನಗರಗಳಲ್ಲಿ

ಮಧ್ಯಾಹ್ನದ ಬಿಸಿಯೂಟಕ್ಕೆ ಪೂರಕವಾಗಿ ಅನೇಕ ಶಾಲೆಗಳಲ್ಲಿ ಕೈತೋಟಗಳಿವೆ. ಅಲ್ಲಿ ದಾಖಲೆ ಪುಸ್ತಕವು ಅಳತೆ, ಶೇಕಡಾವಾರು, ವಿಸ್ತೀರ್ಣ ಮತ್ತು ಸಸ್ಯವಿಜ್ಞಾನದ ಪಾಠಗಳಿಗೆ ಸಾಮಗ್ರಿಯಾಗುತ್ತದೆ. ಬೇಸಿಗೆ ರಜೆಯಲ್ಲಿ ತೋಟ ಖಾಲಿಯಾಗದಂತೆ ಕೊಯ್ಲಿನ ದಿನಗಳನ್ನು ಮೊದಲೇ ಎಣಿಸುವುದು ಇಲ್ಲಿ ವಿಶೇಷವಾಗಿ ಅಗತ್ಯ. ನಗರಗಳ ತಾರಸಿ ತೋಟದಲ್ಲಿ ಮಡಿಯ ಬದಲು ಪ್ರತಿ ಕುಂಡ ಅಥವಾ ಚೀಲಕ್ಕೆ ಸಂಖ್ಯೆ ನೀಡಲಾಗುತ್ತದೆ. ಕುಂಡವನ್ನು ಸ್ಥಳಾಂತರಿಸಿದರೂ ಅದರೊಳಗಿನ ಮಣ್ಣಿನೊಂದಿಗೆ ರೋಗವೂ ಸಾಗುವುದರಿಂದ, ಸರದಿಯ ಲೆಕ್ಕವು ಸ್ಥಳವನ್ನಲ್ಲದೆ ಕುಂಡದ ಮಣ್ಣನ್ನೇ ಅನುಸರಿಸಬೇಕು.